ತುಂಬದ ಗಾಡಿ

ಇಂಡಿ
ತಾ. ೨೩-೮-೧೯೬೪

ಸಿಂದಗಿಯ ಶಹಾಬುದ್ದೀನ ಅವರಿಗೆ ಅಖ್ತರಬೇಗಂಳ ಸಲಾಂ.

ಮದುವೆಯಾದಂದಿನಿಂದ ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಯಾರಾದರೂ ಕೇಳಿದರೆ ‘ನಮ್ಮ ಮನಿಯವರು’ ಎನ್ನುತ್ತಿದ್ದೆ. ಇವತ್ತು ಬರೆದುಬಿಟ್ಟೆ. ಬರೆದದ್ದನ್ನು ಹೊಡೆದು ಹಾಕಲಿಲ್ಲ.

ನಿಮ್ಮ ಪತ್ರ ಶುಕ್ರವಾರ ಬಂತು. ನನ್ನನ್ನು ತವರಿಗೆ ಅಟ್ಟಿದ ಮೇಲೆ ಬಂದ ಮೊದಲ ಪತ್ರ. ನನ್ನ ಆರೋಗ್ಯ ಕೇಳಿದ್ದು ಒಂದು ಸಾಲು, ಗಾಡಿಯ ಸಂಕಟ ಎರಡು ಪುಟ. ರಾವಸಾಬ ಸಾವುಕಾರರು ಲಚ್ಯಾಣದ ತೋಟದ ಲಿಂಬೆ ಸಾಗಿಸುವ ಗುತ್ತಿಗೆಯನ್ನು ಮುಂದಿನ ವರ್ಷ ಪೂರ್ತಿ ನಮ್ಮ ಅಬ್ಬಾನಿಗೇ ಕೊಟ್ಟರು, ಅಬ್ಬಾ ಸಾವುಕಾರರ ಕಿವಿ ಊದಿದ್ದಾರೆ ಎಂದು ಬರೆದಿದ್ದೀರಿ. ಅಬ್ಬಾ ಗುತ್ತಿಗೆ ಬಿಟ್ಟುಕೊಟ್ಟರೆ ನನ್ನನ್ನು ಕರೆದೊಯ್ಯುತ್ತೀರಂತೆ. ಇಲ್ಲವಾದರೆ ಮುದ್ದೇಬಿಹಾಳದಲ್ಲಿ ನೋಡಿಟ್ಟ ಹೆಣ್ಣಿನ ಜೊತೆ ನಿಖಾ ಅಂತೆ. ಉತ್ತರ ಕೊಡುತ್ತೇನೆ. ಆದರೆ ಮೊದಲು ನೀವು ಮರೆತದ್ದನ್ನು ಬರೆಯುತ್ತೇನೆ.

ಪುಣೆಯ ಮಿಲಿಟರಿ ಹರಾಜಿನಿಂದ ನೀವು ಆ ದೊಡ್ಡ ಪಿಕಪ್ ತಂದ ದಿನ ಓಣಿಯೆಲ್ಲ ನೆರೆದಿತ್ತು. ನಾನು ಆರತಿ ತಟ್ಟೆ ಹಿಡಿದು ಅದರ ಗಾಲಿಯ ಪಕ್ಕ ನಿಂತಿದ್ದೆ. ನನ್ನ ಎದೆಯ ಮಟ್ಟಕ್ಕೆ ಗಾಲಿ. ನಿಮ್ಮ ಗೆಳೆಯ ಇಸಾಕ ನಕ್ಕ. ನೀವು ಅವನ ಹೆಗಲ ಮೇಲೆ ಕೈ ಹಾಕಿ, ಗಾಡಿಯತ್ತ, ಆಮೇಲೆ ನನ್ನತ್ತ ಬೆರಳು ಮಾಡಿ, “ನೋಡಲೇ ಇಸಾಕ, ಇದು ಆನಿ, ಅದು ಇಲಿ. ತಿನ್ನೂದೂ ಕಡಿಮಿ, ದುಡಿಯೂದೂ ಕಡಿಮಿ. ನಮ್ಮ ಮಾವನ ಗಾಡಿನೂ ಇಂಥಾದ್ದ ಐತಿ” ಅಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದಿದ್ದರೆ ನಿಮಗೆ ಸಿಟ್ಟು ಬರುತ್ತದೆಂದು.

ಊಟಕ್ಕೆ ಬಡಿಸುವಾಗ ಒಂದೇ ಮಾತು ಕೇಳಿದೆ: “ಇದು ತುಂಬದ ದಿನಾ ಏನ್ ಮಾಡ್ತೀರಿ?” ನೀವು ಗಂಗಾಳ ತಳ್ಳಿದಿರಿ. “ನಾಕನೇತ್ತೆ ಸಾಲಿ ಓದಿ ನನಗ ಬುದ್ಧಿ ಹೇಳ್ತಿ? ದೊಡ್ಡ ಗಾಡಿ ಬಂತು, ಇನ್ನ ದೊಡ್ಡ ಮನಿ ಹೆಣ್ಣೂ ಬರ್ತಾಳ.” ಮರುದಿನ ನನ್ನನ್ನೂ ನನ್ನ ಟ್ರಂಕನ್ನೂ ಇಂಡಿಯ ಬಸ್ಸಿಗೆ ಹತ್ತಿಸಿದಿರಿ. ಟ್ರಂಕು ಹತ್ತಿಸುವಾಗ ಮಾತ್ರ ಜೋಪಾನ ಎಂದಿರಿ. ಒಳಗೆ ನಿಮ್ಮ ಅಂಗಿ ಉಳಿದಿತ್ತೇನೋ ಎಂದು ತೆಗೆದು ನೋಡಿದಿರಿ.

ನಿಮ್ಮ ಗಾಡಿಗೆ ಕಸುವಿಲ್ಲ ಎಂದು ಸುಳ್ಳು ಹೇಳಲಾರೆ. ಎಂಜಿನ್ನು ನಾಲ್ಕೂ ಗಾಲಿಯನ್ನು ತಿರುಗಿಸುತ್ತದೆ. ಮಳೆಯಾದ ಎರೆಹೊಲದಲ್ಲಿ ಅದು ಹೋಗುವಲ್ಲಿ ಎತ್ತಿನ ಬಂಡಿಯೂ ಹೋಗದು. ಅಬ್ಬಾ ಬಸವನ ಬಾಗೇವಾಡಿಯಿಂದ ತಂದ ನಮ್ಮ ಸಣ್ಣ ಪಿಕಪ್ ಎರೆಮಣ್ಣಿನಲ್ಲಿ ಹೊಟ್ಟೆ ಹಚ್ಚಿ ಕೂತುಬಿಡುತ್ತದೆ. ಆದರೆ ಒಂದು ಗ್ಯಾಲನ್ ಪೆಟ್ರೋಲು ಕುಡಿದು ನಿಮ್ಮದು ಲಚ್ಯಾಣ ಮುಟ್ಟಿ ಬಾಯಾರಿ ನಿಲ್ಲುತ್ತದೆ, ನಮ್ಮದು ಅಷ್ಟರಲ್ಲೇ ಹೋಗಿ ಮನೆಗೆ ಬರುತ್ತದೆ. ರಾವಸಾಬರಿಗೂ ಇದರಲ್ಲಿ ಯಾವುದು ಸರಿಯೋ ತಿಳಿಯಲಿಲ್ಲ. ಅದಕ್ಕೇ ಮೇಲಿನ ತೋಟ ನಿಮಗೆ, ಕೆಳಗಿನ ತೋಟ ನಮಗೆ ಕೊಟ್ಟು, ಸುಗ್ಗಿ ಮುಗಿದ ಮೇಲೆ ಒಬ್ಬರನ್ನೇ ಇಟ್ಟುಕೊಳ್ಳುತ್ತೇನೆ ಎಂದರು.

ಆಷಾಢದಲ್ಲಿ ನಮ್ಮ ಗಾಡಿ ಹೂತಾಗ ನೀವೇ ಹಗ್ಗ ಕಟ್ಟಿ ಎಳೆದಿರಿ. ಎಳೆದು ಹೋಗಿದ್ದರೆ ನಾನು ನಿಮಗೆ ದುವಾ ಮಾಡುತ್ತಿದ್ದೆ. ನೀವು ಇಳಿದು ಬಂದು, ಆಳುಕಾಳುಗಳ ಎದುರು, “ಮಾವಾ, ಈ ಆಟಗಿ ಸಾಮಾನ ಕಿಸೇದಾಗ ಇಟ್ಕೊಂಡು ಅಡ್ಡಾಡ್ರಿ, ಹೊಲದಾಗ ಬಿಡಬ್ಯಾಡ್ರಿ” ಅಂದಿರಿ. ಅಬ್ಬಾ ಕೆಸರುಗೈಯನ್ನು ಲುಂಗಿಗೆ ಒರೆಸಿಕೊಂಡು ನಿಮಗೆ ಸಲಾಂ ಮಾಡಿದರು. ಮಾವ ಅಳಿಯನಿಗೆ. ನಾನು ಹಿಂದೆ ಬುಟ್ಟಿಗಳ ನಡುವೆ ಸೆರಗು ಹೊದ್ದು ಕೂತಿದ್ದೆ. ನೀವು ನೋಡಿ ನೋಡದಂತೆ ಹೋದಿರಿ.

ಮರುದಿನದಿಂದ ನಾನು ಹಣ್ಣು ಬಿಡಿಸುವ ಹೆಂಗಸರ ಜೊತೆ ಹೋಗತೊಡಗಿದೆ. ನನಗೆ ನಾಲ್ಕು ಜನರೆದುರು ಮಾತು ಬರುವುದಿಲ್ಲ, ನಿಮಗೆ ಗೊತ್ತು. ಸುಮ್ಮನೆ ಬಿಡಿಸಿದೆ. ಕೈಯೆಲ್ಲ ಮುಳ್ಳು ಗೀರಿದವು. ಅವರಲ್ಲಿ ಒಬ್ಬಳಾದ ಹುಲಿಗೆವ್ವನೇ ಒಂದು ದಿನ ನನ್ನ ಕೈ ಹಿಡಿದು ಎಣ್ಣೆ ಹಚ್ಚುತ್ತ ಮಾತು ತೆಗೆದಳು. “ನಿನ್ನ ಗಂಡನ ಗಾಡಿಗೆ ಹೊಟ್ಟಿ ಭಾಳ ದೊಡ್ಡದವ್ವ. ತುಂಬೂತನಕ ಏಳೂದಿಲ್ಲ. ಇನ್ನೊಂದು ಬುಟ್ಟಿ, ಇನ್ನೊಂದು ಬುಟ್ಟಿ ಅಂತ ದೀಪಾ ಹಚ್ಚೂ ಹೊತ್ತಿನ ಮಟಾ ನಮ್ಮನ್ನ ಬಿಡೂದಿಲ್ಲ. ಮನ್ಯಾಗ ಕೂಸು ಹಸದು ಅಳತಾವು.” ಗುಂಡವ್ವ ಅತ್ತ ಕಡೆಯಿಂದ, “ಹೊಟ್ಟಿ ತುಂಬಸದಿದ್ರ ಪೆಟ್ರೋಲಿನ ರೊಕ್ಕಾನೂ ಹುಟ್ಟೂದಿಲ್ಲಂತ, ಪಾಪ!” ಎಂದು ನಕ್ಕಳು.

“ಹಂಗಾದ್ರ ತುಂಬಸಬ್ಯಾಡ್ರಿ” ಅಂದೆ.

ಇಷ್ಟೇ ನಾನು ಆಡಿದ ಮಾತು. ಉಳಿದದ್ದನ್ನು ಅವರು ನಡೆಸಿದರು. ನಿಮ್ಮ ಪಾಲಿನ ಗಿಡಗಳಲ್ಲಿ ಕೈ ನಿಧಾನವಾದವು. ದಿನಾಲು ನಿಮ್ಮ ಗಾಡಿಗೆ ಕೆಲವೇ ಬುಟ್ಟಿ ಕಡಿಮೆ ಬೀಳುತ್ತಿದ್ದವು. ಬಹಳ ಕಡಿಮೆಯಾಗಿದ್ದರೆ ನೀವು ಸಿಟ್ಟಿನಿಂದ ಹಾಗೇ ಹೊರಡುತ್ತಿದ್ದಿರಿ. ಇನ್ನೇನು ತುಂಬಿತು ಅನ್ನಿಸಿದ್ದರಿಂದ ಕಾದಿರಿ. ಮಳೆ ತಾಗಿದ ಹಣ್ಣು, ಕಾದ ತಗಡು, ಮೇಲೆ ಬಿಸಿಲು. ಅಡಿಯ ಲಿಂಬೆ ಬೆವೆತವು. ಮುಂಬಯಿಗೆ ಮಾಲು ಒಯ್ಯುವ ಸಂಜೆಯ ರೈಲು ಕೂಗಿ ಹೋದ ಮೇಲೆ ನೀವು ಸ್ಟೇಷನ್ನಿಗೆ ಬರುತ್ತಿದ್ದಿರಿ. ನಮ್ಮ ಪಾಲಿನ ಹಣ್ಣನ್ನು ಅದೇ ಗುಂಪಿನ ಹೆಂಗಸರು ತಲೆಯ ಮೇಲೆ ಹೊತ್ತು ಗಟ್ಟಿಯಾದ ಗರಸಿನ ರಸ್ತೆಗೆ ತಂದು ಕೊಟ್ಟರು. ನಮ್ಮ ಗಾಡಿ ಎರೆಮಣ್ಣು ಮೆಟ್ಟಲೇ ಇಲ್ಲ. ಹದಿನೈದು ಬುಟ್ಟಿಗೇ ತುಂಬಿ ಹೊರಡುತ್ತಿತ್ತು, ನಮ್ಮ ಪಾಲಿಗೆ ಬಂದ ಹೆಂಗಸರು ಹೊತ್ತು ಮುಳುಗುವ ಮುಂಚೆಯೇ ಮನೆ ಸೇರುತ್ತಿದ್ದರು.

ನಿಮ್ಮ ಮಾಲು ಮುಂಬಯಿಯಲ್ಲಿ ಮೆತ್ತಗಾಗಿ ಸಿಕ್ಕಿದೆಯೆಂದು ತಾರು ಬಂದಾಗ ರಾವಸಾಬರು ಸ್ಟೇಷನ್ನಿನಲ್ಲಿ ಉಳಿದದ್ದನ್ನು ಹಳ್ಳಕ್ಕೆ ಸುರಿಸಿದರು. ನಾನು ದಂಡೆಯಲ್ಲಿ ನಿಂತು ನೋಡಿದೆ. ಒಳ್ಳೆಯ ಹಣ್ಣು, ನಾನೇ ಬಿಡಿಸಿದವೂ ಇದ್ದವು. ಮರುಕ ಬರಬೇಕಿತ್ತು, ಬರಲಿಲ್ಲ. ನೀವು ಗಾಡಿಯ ಬಾನೆಟ್ಟಿಗೆ ಒರಗಿ ತಲೆ ತಗ್ಗಿಸಿದಿರಿ. ಆ ಹೊತ್ತಿನಲ್ಲಿ ನಿಮ್ಮ ಮುಖ ನೋಡಬೇಕೆಂದು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ.

ಆದ್ದರಿಂದ ಅಬ್ಬಾನ ಮೇಲೆ ಅಪವಾದ ಹೊರಿಸಬೇಡಿ. ಅವರಿಗೆ ಇದು ಇನ್ನೂ ಗೊತ್ತಿಲ್ಲ. ಗೊತ್ತಾದರೆ ನಿಮ್ಮ ಮನೆಗೆ ಬಂದು ಮಾಫಿ ಕೇಳುವ ಜಾತಿಯವರು ಅವರು. ನಾನು ಕೇಳುವುದಿಲ್ಲ.

ಗುತ್ತಿಗೆ ಬಿಡುವುದಿಲ್ಲ. ಸಿಂದಗಿಗೆ ಬರುವುದಿಲ್ಲ. ಮುದ್ದೇಬಿಹಾಳದ ಹೆಣ್ಣನ್ನು ಮಾಡಿಕೊಳ್ಳಿ. ಎತ್ತರ, ತೂಕ ಎಲ್ಲ ನೋಡಿ ತನ್ನಿ. ನಿಮ್ಮ ಗಾಡಿ ಪೆಟ್ರೋಲಿಲ್ಲದೆ ಬೇವಿನ ಗಿಡದ ಕೆಳಗೆ ನಿಂತಿದೆ, ಅದರಲ್ಲಿ ಕೋಳಿ ಕಾವಿಗೆ ಕೂತಿದೆ ಎಂದು ಇಸಾಕನ ಹೆಂಡತಿ ದಾವಲಬಿ ಹೇಳಿಕಳಿಸಿದಳು. ಎರಡು ಸಲ ಹೇಳಿಸಿ ಕೇಳಿದೆ.

ಇಂತಿ,
ಚಾಂದಸಾಬರ ಮಗಳು
ಅಖ್ತರಬೇಗಂ

ತಾ.ಕ.: ಅಬ್ಬಾನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಇನ್ನು ಸ್ಟೇರಿಂಗ್ ಮುಟ್ಟಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಗುತ್ತಿಗೆ ಇದೆ, ಗಾಡಿ ಇದೆ, ಓಡಿಸುವವರಿಲ್ಲ. ದೇವಣಗಾಂವದ ಡ್ರೈವರ್ ಒಬ್ಬ ತಾ. ೩೧ರ ಸೋಮವಾರ ಬರುತ್ತಾನೆ. ನಿಮಗೆ ಕೆಲಸ ಬೇಕಿದ್ದರೆ ಅದಕ್ಕಿಂತ ಮೊದಲು ಬನ್ನಿ. ಅಬ್ಬಾ ಗಾಡಿಯ ಕಾಗದ ನನ್ನ ಹೆಸರಿಗೆ ಮಾಡಿದ್ದಾರೆ, ಪಗಾರ ನನ್ನ ಕೈಯಿಂದ ತೆಗೆದುಕೊಳ್ಳಬೇಕಾಗುತ್ತದೆ. ಅಳಿಯನಂತೆ ಸೀದಾ ಒಳಗೆ ಬರಬೇಡಿ, ಹೊರಗಿನ ಕಟ್ಟೆಯ ಮೇಲೆ ಕೂಡ್ರಿ. ಮೊದಲು ಲಚ್ಯಾಣದ ತನಕ ಓಡಿಸಿ ತೋರಿಸಬೇಕು. ಪಕ್ಕದಲ್ಲಿ ಕೂತು ನಾನೇ ನೋಡುತ್ತೇನೆ.