ನಲವತ್ತೆರಡು ಇಂಚಿನ ಪರದೆ

ಕೃಷ್ಣರಾಜಪೇಟೆ

ಅತ್ತೆಯವರಿಗೆ ಪ್ರಮೀಳಾ ಮಾಡುವ ನಮಸ್ಕಾರಗಳು.

ನಿಮ್ಮ ಮಗನ ಹಣೆಗೆ ಏಳು ಹೊಲಿಗೆ ಬಿದ್ದಿರುವುದು ನನ್ನಿಂದಲೇ. ಅವರು ನಿಮಗೆ ಹೇಳದೆ ಬಿಟ್ಟದ್ದನ್ನು ಬರೆಯುತ್ತಿದ್ದೇನೆ.

ನಾನು ಮಾಡಿಕೊಡುವ ಮದುವೆ ಆಲ್ಬಂಗಳ ಬಣ್ಣ ಸರಿಯಾಗಿ ಕಾಣಲೆಂದು ನಾಲ್ಕು ಅಂಗಡಿ ತಿರುಗಿ ಆ ಒಎಲ್‌ಇಡಿ ಟಿವಿ ಆರಿಸಿದ್ದೆ. ಕಂಪ್ಯೂಟರಿಗೆ ಜೋಡಿಸಿ, ಕಣ್ಣು ಕುಕ್ಕದಂತೆ ಬೆಳಕು ತಗ್ಗಿಸಿ, ಆಗಷ್ಟೇ ಮೊದಲ ಫೋಟೊ ತೆರೆದಿದ್ದೆ. ಇವರು ಬಂದು, "ಮ್ಯಾಚ್ ನೋಡ್ಬೇಕು, ಅದ್ನ ನಡುಮನೆಗೆ ತಂದಿಕ್ಕು" ಅಂದರು. "ಇದು ನನ್ನ ಕೆಲಸದ್ದು ಕಣ್ರೀ" ಅಂದೆ. "ನನ್ ಮನೇಲಿ ನಿಂದೇನಮ್ಮೀ ಐತೆ?" ಎನ್ನುತ್ತಾ ಎಳನೀರು ಕೊಚ್ಚುವ ಮಚ್ಚು ತಂದರು. ಮೊದಲ ಏಟಿಗೆ ಪರದೆ ಒಡೆಯಿತು. ಎರಡನೆಯದು ಅಡ್ಡ ಹಿಡಿದ ನನ್ನ ಎಡಗೈಯ ಮೂಳೆಗೆ ಇಳಿಯಿತು. ಮೂರನೆಯದಕ್ಕೆ ಮಚ್ಚು ಎತ್ತಿದಾಗ ಪಕ್ಕದಲ್ಲಿದ್ದ ಫೋಟೊ ಲೈಟಿನ ಕಬ್ಬಿಣದ ಸ್ಟ್ಯಾಂಡಿನಿಂದ ಹೊಡೆದೆ. ಅವರು ಬಿದ್ದ ಮೇಲೂ ಒಮ್ಮೆ ಹೊಡೆದೆ.

ಪೊಲೀಸರಿಗೆ ಕೊಟ್ಟ ದೂರನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಬೀರುವಿನಲ್ಲಿರುವ ಹಾರ್ಡ್ ಡಿಸ್ಕ್ ತಂದುಕೊಡಿ. ಕಿಕ್ಕೇರಿಯ ಎರಡು ಮದುವೆಗಳ ಫೋಟೊ ಅದರಲ್ಲಿದೆ.

ಹೋದ ವರ್ಷ ನಿಮ್ಮ ಕೈ ಮುರಿದದ್ದು ಬಚ್ಚಲಲ್ಲಿ ಜಾರಿ ಬಿದ್ದು ಅಲ್ಲವೆಂದು ನನಗೆ ಗೊತ್ತು. ಈಗ ನಾನಿರುವ ಬಾಡಿಗೆ ಕೋಣೆಯಲ್ಲಿ ಇಬ್ಬರು ಮಲಗಬಹುದು. ಬರುವಾಗ ನಿಮ್ಮ ಬಟ್ಟೆಗಳನ್ನೂ ತನ್ನಿ.

ಇಂತಿ ನಿಮ್ಮ ಸೊಸೆ,
ಪ್ರಮೀಳಾ