ಪಕ್ಕದ ಮನೆ ಮಾರಾಟವಾಯಿತು

ನವೆಂಬರ್ 12, ಬುಧವಾರ

ಪಕ್ಕದ ಮನೆ ಮಾರಾಟವಾಯಿತು. ನಮ್ಮದಲ್ಲ.

ಮನೆ ಕೇಳುವವರೇ ಇಲ್ಲದ ಕಾಲ. ಎರಡೂ ಮನೆಗಳ ಮುಂದಿನ ‘ಮಾರಾಟಕ್ಕಿದೆ’ ಫಲಕಗಳು ಬಿಸಿಲಿಗೆ ಬಣ್ಣಗೆಟ್ಟಿದ್ದವು. ಇವತ್ತು ಗಂಡ ಹೆಂಡತಿ ಇಬ್ಬರು ನೋಡಲು ಬಂದರು. ಪಕ್ಕದ ಮನೆಯ ಟೀಚರ್ ಶಾಲೆಗೆ ಹೋಗುವಾಗ ಬೀಗದಕೈ ಕೊಟ್ಟಿದ್ದರಿಂದ ಆ ಮನೆಯನ್ನು ನನ್ನ ಹೆಂಡತಿಯೇ ತೋರಿಸಿದಳು. ನಮ್ಮದನ್ನು ನಾನು ತೋರಿಸಿದೆ. ಸಂಜೆ ಟೀಚರ್ ಖುಷಿಯಿಂದ ಓಡಿ ಬಂದರು. ಅಡುಗೆಮನೆಯ ಬೆಳಕು ಹಿಡಿಸಿ, ನೋಡಲು ಬಂದಿದ್ದವರು ಒಪ್ಪಿಯೇಬಿಟ್ಟರಂತೆ.

ಟೀಚರ್ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. “ಅವರ ಮನೇನ ಅಷ್ಟೊಂದು ಹೊಗಳಿದ್ದಕ್ಕೆ ಕಮಿಷನ್ನಾದ್ರೂ ಕೇಳ್ಬೇಕಿತ್ತು.”

“ಬರೋ ಬೆಳಕನ್ನ ಬರಲ್ಲ ಅನ್ಲಾ? ನೀವೇನ್ರೀ ಹೇಳಿದ್ರಿ ನಮ್ಮನೆ ಬಗ್ಗೆ?”

ಚಾವಣಿ ಎರಡು ಸಲ ಸೋರಿದ್ದು, ಯಾವ ಗೋಡೆ ಒದ್ದೆಯಾಗಿತ್ತು, ಹೇಗೆ ರಿಪೇರಿ ಮಾಡಿಸಿದೆ, ಎಲ್ಲವನ್ನೂ ಹೇಳಿದ್ದೆ. ವಿವರ ಕೊಟ್ಟರೆ ನಂಬಿಕೆ ಬರುತ್ತದೆ ಎಂದುಕೊಂಡಿದ್ದೆ.

ಅವಳು ಹಣೆ ಚಚ್ಚಿಕೊಂಡಳು. “ಮನೆ ತೋರಿಸಿ ಅಂದ್ರೆ ಅದರ ಕಾಯಿಲೆ ಕಸಾಲೆ ಎಲ್ಲಾ ಹೇಳಿ ಕಳಿಸಿದ್ದೀರಲ್ಲ!”

ಇಬ್ಬರೂ ನಕ್ಕೆವು. ನಗು ಬೇಗ ಮುಗಿಯಿತು.

ಸೋಮವಾರದಿಂದ ಅವಳಿಗೆ ಬೇರೆ ಊರಿನಲ್ಲಿ ಹೊಸ ಕೆಲಸ. ಮನೆ ಮಾರಾಟವಾದರೆ ಇಬ್ಬರೂ ಹೊರಡುವುದು, ಇಲ್ಲವಾದರೆ ನಾನು ಇಲ್ಲೇ ಕಾಯುವುದು ಎಂದು ಮಾತಾಗಿತ್ತು. ಊಟವಾದ ಮೇಲೆ ಸೂಟ್‌ಕೇಸ್ ತುಂಬಿದಳು. ಅವಳ ಬಟ್ಟೆ ಮಾತ್ರ.

ಬೆಲೆ ಇನ್ನಷ್ಟು ಇಳಿಸೋಣವೇ ಎಂದು ಕೇಳಬೇಕು. ಆಗಲೇ ಎರಡು ಸಲ ಕೋಣೆಯ ಬಾಗಿಲವರೆಗೆ ಹೋಗಿ ಬಂದೆ. ಆಚೆ ತಿರುಗಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲವೆಂದು ಉಸಿರಿನಲ್ಲೇ ಗೊತ್ತಾಗುತ್ತದೆ. ಇನ್ನೊಮ್ಮೆ ಹೋಗಿ ಕೇಳಿಯೇಬಿಡುತ್ತೇನೆ.