ಬಾಡಿಗೆಗಿದ್ದ ಮಹಡಿ ರೂಮು

ಜೀವನ್ ಬಿಮಾ ನಗರ, ಬೆಂಗಳೂರು
೧೯ ಫೆಬ್ರವರಿ ೨೦೦೨

ಪ್ರೀತಿಯ ರೇವತಿ,

ಬಾಣಂತಿಗೆ ಆಘಾತದ ಸುದ್ದಿ ತಿಳಿಸಬಾರದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ: ನಿನ್ನ ಗಂಡ ಕಳ್ಳ. ಹೋದ ಬುಧವಾರ ಸಂಜೆ, ಸ್ವಂತ ಮನೆಯ ಗೇಟಿನಿಂದ ‘ಮಹಡಿ ರೂಮು ಬಾಡಿಗೆಗಿದೆ’ ಎಂಬ ತಗಡಿನ ಬೋರ್ಡನ್ನು ಕದ್ದು ಮಂಚದ ಕೆಳಗೆ ಬಚ್ಚಿಟ್ಟಿದ್ದಾನೆ. ಸಿಕ್ಕಿಯೂ ಬಿದ್ದಿದ್ದಾನೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಮಗಳು ಹೇಗಿದ್ದಾಳೆ? ರಾಯಚೂರಿನಲ್ಲಿ ಬಿಸಿಲು ಶುರುವಾಯಿತೇ?

ಅಚಿಯೆಂಗ್ ವಿಷಯ ಕೇಳಿದ್ದೆಯಲ್ಲ. ನನ್ನ ಎಂ.ಎಸ್.ಡಬ್ಲ್ಯೂ. ತರಗತಿಯ ಕೀನ್ಯಾ ಹುಡುಗಿ. ನಿನ್ನ ಸೀಮಂತದಲ್ಲಿ ಕೋಸಂಬರಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡವಳು. ಅವಳಿದ್ದ ಹಲಸೂರಿನ ಮನೆಯ ಮಾಲೀಕ ತಿಂಗಳ ಕೊನೆಗೆ ಖಾಲಿ ಮಾಡು ಎಂದಿದ್ದ. ಕಾರಣ ಕೇಳಿದರೆ ಅಕ್ಕಪಕ್ಕದವರನ್ನು ತೋರಿಸುತ್ತಾನೆ. ಅವರನ್ನು ಕೇಳಿದರೆ ಅವನನ್ನು ತೋರಿಸುತ್ತಾರೆ. ಬೇರೆ ರೂಮು ಸಿಗದಿದ್ದರೆ ಕೊನೆಯ ಪರೀಕ್ಷೆ ಬಿಟ್ಟು ಊರಿಗೆ ಹೋಗಬೇಕಿತ್ತು. ಬಾಡಿಗೆ ಕೇಳಿ ಕೇಳಿ ಹುಡುಗಿ ಬಾಡಿಹೋಗಿದ್ದಳು.

ನಾನು ಸುಮ್ಮನಿರುವವನೇ? ಆಫ್ರಿಕಾದ ವಿದ್ಯಾರ್ಥಿಗಳ ಬೆಂಬಲಕ್ಕೆ ಕಾಲೇಜಿನಲ್ಲಿ ಸಮಿತಿ ಕಟ್ಟಿದವನೇ ನಾನು. ಮನೆಮಾಲೀಕರ ವರ್ಣಭೇದವನ್ನು ಸೆಮಿನಾರಿನಲ್ಲಿ ಎಷ್ಟು ವರ್ಣರಂಜಿತವಾಗಿ ಖಂಡಿಸಿದೆನೆಂದರೆ ಪ್ರಿನ್ಸಿಪಾಲರು ಶಾಲು ಹೊದಿಸಿದರು. ಭಾಷಣವೇ ನನಗೆ ಭೂಷಣ.

ಮಹಡಿ ರೂಮು ಅವಳಿಗೇ ಕೊಡಿ, ನನಗೂ ಮಗುವಿಗೂ ಜೊತೆಯಾಗುತ್ತಾಳೆ ಎಂದು ನೀನು ಫೋನಿನಲ್ಲಿ ಹೇಳಿದಾಗ ಹೂಂ ಅಂದಿದ್ದೆ. ಕಾಲೋನಿಯ ಹೆಸರು ಕಾಪಾಡಿ ಮೇಷ್ಟ್ರೇ ಎಂದು ಎದುರುಮನೆಯ ಮಾನಪ್ಪನವರು ಹೇಳಿದಾಗಲೂ ಹೂಂ ಅಂದೆ. ಎರಡನೆಯ ಹೂಂಕಾರವೇ ಗೆದ್ದಿತು.

ಬುಧವಾರ ಅವಳು ಫೀಲ್ಡ್‌ವರ್ಕಿನ ವರದಿ ತೋರಿಸಲು ಮನೆಗೆ ಬರುವವಳಿದ್ದಳು. ಅದಕ್ಕೇ ಈ ಕಳ್ಳತನ. ಆದರೆ ಮನೆ ಭೇಟಿಗೆ ಹೋದಾಗ ಒಳಗಿನವರ ಮಾತು ಕೇಳುವ ಮೊದಲು ಗೇಟು ನೋಡಿ ಎಂದು ಪಾಠ ಮಾಡಿದವನೂ ನಾನೇ. ಗೇಟಿನಲ್ಲಿ ಬೋರ್ಡು ಕಟ್ಟಿದ್ದ ತಂತಿಗಳು ನೇತಾಡುತ್ತಿದ್ದವು. ಬೋರ್ಡಿದ್ದಷ್ಟು ಜಾಗ ಧೂಳಿಲ್ಲದೆ ಹಸಿರಾಗಿ ಹೊಳೆಯುತ್ತಿತ್ತು. ಕಾಫಿ ಕುಡಿದು, ಲೋಟ ತೊಳೆದಿಟ್ಟು, ಬಾಗಿಲಲ್ಲಿ ನಿಂತು, ಮನೆ ಭೇಟಿಗಳಲ್ಲಿ ಕಲಿತ ಕನ್ನಡದಲ್ಲೇ ಕೇಳಿದಳು:

“ಸಾರ್, ರೂಮು ಹೋಯ್ತಾ, ಬೋರ್ಡು ಮಾತ್ರ ಹೋಯ್ತಾ?”

ನಾನು ಏನೋ ಒಂದು ಹೇಳಿದೆ. ನಂಬಿದಳು. ನಂಬಿದ್ದನ್ನೇ ನನಗೆ ತಡೆಯಲಾಗುತ್ತಿಲ್ಲ.

ಈಗ ಅವಳಿಗೆ ರೂಮು ಸಿಕ್ಕಿದೆ. ಶಿವಾಜಿನಗರದ ಉಮ್ಮೆ ಕುಲ್ಸುಂ ಅವರ ಮನೆ. ಫೀಲ್ಡ್‌ವರ್ಕಿಗೆಂದು ಅವಳು ಭೇಟಿ ಕೊಡುತ್ತಿದ್ದ ಕುಟುಂಬ. ಸಮಿತಿಯ ವರದಿಯಲ್ಲಿ ಇದು ನನ್ನ ಸಾಧನೆ ಎಂದು ಬಂದಿದೆ; ನಾನು ತಿದ್ದಿಲ್ಲ. ಭಾನುವಾರ ಟ್ರಂಕು ಹೊರಲು ಹೋಗಿದ್ದೆ. ಹೊಲಿಗೆ ಮಿಷನ್ನನ್ನು ಮೂಲೆಗೆ ತಳ್ಳುತ್ತ ಆಕೆ ನಕ್ಕರು: “ಏನ್ ಸಾರ್, ಇಷ್ಟ್ ದೊಡ್ಡ ಬೆಂಗ್ಳೂರಲ್ಲಿ ನಮ್ದೇ ದೊಡ್ಡ ಮನೆ ಆಗೋಯ್ತಾ?”

ಭೇಟಿ ಕೊಡುವ ಕುಟುಂಬದಿಂದ ಒಂದು ಲೋಟ ಚಹಾಕ್ಕಿಂತ ಹೆಚ್ಚೇನೂ ತೆಗೆದುಕೊಳ್ಳಬಾರದೆಂಬುದು ನಮ್ಮ ಸಮಾಜಕಾರ್ಯ ವೃತ್ತಿಯ ನಿಯಮ. ಅದನ್ನು ಮುರಿದದ್ದಕ್ಕೆ ಅವಳ ಅಂಕ ಕಳೆಯಬೇಕಾದವನೂ ನಾನೇ. ಪೆನ್ನು ಹಿಡಿದು ಕೂತಿದ್ದೆ. ಕಳೆಯಲಿಲ್ಲ. ಇದಕ್ಕೂ ಶಾಲು ಹೊದಿಸುತ್ತಾರೋ ಏನೋ.

ಮಗಳಿಗೊಂದು ಮುತ್ತು,
ನಿನ್ನ ಮುತ್ತಣ್ಣ

ಮರೆತದ್ದಲ್ಲ, ಮುಂದೂಡಿದ್ದು: ನೀನು ಬಂದ ಮೇಲೆ ಅಚಿಯೆಂಗ್ ಮಗುವನ್ನು ನೋಡಲು ಬರುತ್ತಾಳೆ. ನಿನ್ನೆದುರು ಮುದುರಿಕೊಂಡು ನಿಂತರೆ ಬೇಸರ ಮಾಡಿಕೊಳ್ಳಬೇಡ. ಅವತ್ತು ಬಾಗಿಲಲ್ಲಿ ನಾನು ಹೇಳಿದ್ದು ಇಷ್ಟು: “ನಂದೇನಿಲ್ಲಮ್ಮ, ನಮ್ಮನೆಯವಳು ಒಪ್ತಿಲ್ಲ.”